ಅಡ್ಮಿನ್ ಮನೆಯಲ್ಲೇ ಇದ್ದಾನೆ

ಪೈ-ಹೋಲ್ ಎಂಬ ತಂತ್ರಾಂಶವನ್ನು ಮನೆಗೆ ತಂದವರೆಲ್ಲ ಮೊದಲ ದಿನ ಮಾಡುವ ಕೆಲಸ ಒಂದೇ: ಅದರ ಲಾಗ್ ಪುಟವನ್ನು ತೆರೆದು ಸುಮ್ಮನೆ ನೋಡುತ್ತ ಕೂರುವುದು. ಮನೆಯ ಯಾವ ಸಾಧನವೇ ಆಗಲಿ, ಒಂದು ತಾಣಕ್ಕೆ ಹೋಗುವ ಮೊದಲು ಅದರ ಹೆಸರನ್ನು ಕೊಟ್ಟು ಐಪಿ ವಿಳಾಸವನ್ನು ಕೇಳಿ ಪಡೆಯಬೇಕು. ಡಿಎನ್‌ಎಸ್ ಎನ್ನುವುದು ಇದನ್ನೇ. ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಒಂದು ವಿಳಾಸವನ್ನು ಬದಲಿಸಿದರೆ ಸಾಕು, ಮನೆಯ ಅಂಥ ಪ್ರಶ್ನೆಗಳೆಲ್ಲ ಮೂಲೆಯಲ್ಲಿಟ್ಟ, ಪೈ-ಹೋಲ್ ಇರುವ ಪುಟ್ಟ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಒಂದನ್ನು ಹಾದು ಹೋಗತೊಡಗುತ್ತವೆ. ಜಾಹೀರಾತಿನವರ, ಜಾಡು ಹಿಡಿಯುವವರ ತಾಣಗಳ ಹೆಸರು ಬಂದರೆ ಅದು 0.0.0.0 ಎಂಬ ಎಲ್ಲಿಗೂ ಒಯ್ಯದ ವಿಳಾಸವನ್ನು ಕೊಟ್ಟು ಸಾಗಹಾಕುತ್ತದೆ. ಉಳಿದವನ್ನು ಮುಂದಕ್ಕೆ ಬಿಡುತ್ತದೆ. ಬಿಟ್ಟದ್ದು, ತಡೆದದ್ದು ಎರಡನ್ನೂ ಬರೆದಿಡುತ್ತದೆ: ಸಮಯ, ಕೇಳಿದ ಹೆಸರು, ಕೇಳಿದ ಸಾಧನ.

ಆ ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಟಿವಿ. ಯಾರೂ ನೋಡದ ಹೊತ್ತಿನಲ್ಲೂ ಅದು ತಯಾರಕರ ತಾಣವನ್ನು ಕೇಳುತ್ತಲೇ ಇರುತ್ತದೆ. ತಡೆದರೆ ಮತ್ತೆ ಕೇಳುತ್ತದೆ, ಹಟಮಾರಿ ಮಗುವಿಗೂ ಅಷ್ಟು ಪಟ್ಟು ಇರಲಾರದು. ಇದು ಬರೀ ಅನುಮಾನದ ಮಾತಲ್ಲ. ಪರದೆಯ ಮೇಲೆ ಏನು ಮೂಡುತ್ತಿದೆ ಎಂಬುದನ್ನು ಕ್ಷಣಕ್ಷಣವೂ ಗುರುತಿಸಿ ಮಾಹಿತಿಯನ್ನು ಮಾರಿಕೊಂಡದ್ದಕ್ಕಾಗಿ ವಿಝಿಯೊ ಕಂಪನಿ 2017ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಜೆರ್ಸಿ ರಾಜ್ಯದೊಂದಿಗೆ 22 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಒಂದು ಕೋಟಿಗೂ ಹೆಚ್ಚು ಟಿವಿಗಳ ಮಾಲೀಕರಿಗೆ ಇದರ ಸುಳಿವೇ ಇರಲಿಲ್ಲ. ಹೊಸ ಟಿವಿಗಳಲ್ಲಂತೂ ಡಬ್ಬಿಯಿಂದ ತೆಗೆದ ದಿನವೇ ಅದು ಶುರುವಾಗಿತ್ತು.

ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಟಿವಿಯ ಸಾಲುಗಳಲ್ಲ. ಅವುಗಳ ಮಧ್ಯೆ ಮನುಷ್ಯರ ಸಾಲುಗಳೂ ಇದ್ದವು. ಯಾವ ಫೋನ್ ಯಾರದೆಂದು ನನಗೆ ಗೊತ್ತು, ಸಾಧನಗಳಿಗೆ ಹೆಸರಿಟ್ಟವನೇ ನಾನು. ಯಾರು ಎಷ್ಟು ಹೊತ್ತಿನವರೆಗೆ ಎಚ್ಚರವಿದ್ದರು, ಯಾರು ಕೆಲಸ ಹುಡುಕಿಕೊಡುವ ತಾಣಕ್ಕೆ ಹೋದರು, ಯಾವ ಕಾಯಿಲೆಯ ಬಗ್ಗೆ ಯಾರು ಓದುತ್ತಿದ್ದಾರೆ, ಇವೆಲ್ಲ ಅಲ್ಲಿದ್ದವು. ಡಿಎನ್‌ಎಸ್‌ನಲ್ಲಿ ಪೂರ್ತಿ ಪುಟದ ವಿಳಾಸ ಕಾಣುವುದಿಲ್ಲ, ತಾಣದ ಹೆಸರು ಮಾತ್ರ ಕಾಣುತ್ತದೆ. ಎಷ್ಟೋ ಸಲ ಹೆಸರೇ ಎಲ್ಲವನ್ನೂ ಹೇಳಿಬಿಡುತ್ತದೆ. ನಾನು ಇದನ್ನು ಯಾರಿಂದಲೂ ಕೇಳಿ ಪಡೆದಿರಲಿಲ್ಲ. ಖಾಸಗಿತನ ಕಾಪಾಡಲೆಂದು ತಂದ ಪೆಟ್ಟಿಗೆ ತಾನಾಗಿಯೇ ತಟ್ಟೆಯಲ್ಲಿಟ್ಟು ಕೊಟ್ಟಿತ್ತು.

ಸ್ವಂತ ಸರ್ವರ್ ಇಟ್ಟುಕೊಳ್ಳಿ, ಕಂಪನಿಗಳ ಸೇವೆಯ ಬದಲು ಎಲ್ಲವನ್ನೂ ಮನೆಯ ಕಂಪ್ಯೂಟರಿನಲ್ಲೇ ನಡೆಸಿ ಎಂದು ಹುರಿದುಂಬಿಸುವವರು, ಅವರಲ್ಲಿ ನಾನೂ ಒಬ್ಬ, ಈ ಮಾತನ್ನು ಎತ್ತುವುದೇ ಇಲ್ಲ.

ಇಟ್ಟುಕೊಳ್ಳಲು ಕಾರಣಗಳಿಗೇನೂ ಬರವಿಲ್ಲ. ಹಲವು ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಬಾಗಿಲು ಹಾಕಿತು. ಮನೆಯ ದೀಪ, ಬೀಗಗಳನ್ನು ನಿಯಂತ್ರಿಸುತ್ತಿದ್ದ ರಿವಾಲ್ವ್ ಎಂಬ ಸಾಧನದ ಕಂಪನಿಯನ್ನು ಗೂಗಲ್ ಬಳಗದ ನೆಸ್ಟ್ 2014ರಲ್ಲಿ ಕೊಂಡುಕೊಂಡು, 2016ರ ಮೇ ತಿಂಗಳಲ್ಲಿ ಅದರ ಸರ್ವರನ್ನು ನಿಲ್ಲಿಸಿತು. ಸಾಧನ ಕೆಟ್ಟಿರಲಿಲ್ಲ, ಕೆಲಸಕ್ಕೆ ಬಾರದಂತಾಯಿತು, ಅಷ್ಟೆ. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ, ಅಂಥದ್ದೇ ಮನೆ ಸಾಧನಗಳ ಕಂಪನಿಯ ಸರ್ವರ್‌ಗಳು ಒಂದು ಮುನ್ಸೂಚನೆಯೂ ಇಲ್ಲದೆ ನಿಂತವು. ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಅಮೆರಿಕದ ಒಬ್ಬ ತಂದೆಯ ಪ್ರಕರಣ. ಪುಟ್ಟ ಮಗನಿಗೆ ಆಗಿದ್ದ ಸೋಂಕನ್ನು ವೈದ್ಯರಿಗೆ ತೋರಿಸಲು ತೆಗೆದ ಚಿತ್ರವನ್ನು ಗೂಗಲ್‌ನ ಯಂತ್ರ ಮಕ್ಕಳ ಮೇಲಿನ ದೌರ್ಜನ್ಯವೆಂದು ಬಗೆದು ಆತನ ಖಾತೆಯನ್ನೇ ಮುಚ್ಚಿತು. ಪೊಲೀಸರು ವಿಚಾರಿಸಿ ಅಪರಾಧವೇನೂ ನಡೆದಿಲ್ಲವೆಂದರು. ಖಾತೆ ಮಾತ್ರ ಮರಳಲಿಲ್ಲ. ನ್ಯೂಯಾರ್ಕ್ ಟೈಮ್ಸ್ 2022ರ ಆಗಸ್ಟ್‌ನಲ್ಲಿ ಇದನ್ನು ವರದಿ ಮಾಡಿತು. ವರ್ಷಗಳ ಅಂಚೆ, ಫೋಟೊ, ಫೋನ್ ಸಂಖ್ಯೆ ಎಲ್ಲವೂ ಒಂದೇ ಬಾಗಿಲ ಹಿಂದೆ ಇದ್ದವು, ಆ ಬಾಗಿಲನ್ನು ತಟ್ಟಿದರೆ ಓಗೊಡಲು ಒಳಗೆ ಒಬ್ಬ ಮನುಷ್ಯನೂ ಇರಲಿಲ್ಲ.

ಇಷ್ಟನ್ನೆಲ್ಲ ಓದಿದವನು ಹಾರ್ಡ್ ಡಿಸ್ಕ್ ಕೊಳ್ಳದೆ ಇನ್ನೇನು ಮಾಡುತ್ತಾನೆ? ನಾನೂ ಕೊಂಡೆ. ಫೋಟೊಗಳಿಗೆ ಇಮ್ಮಿಚ್, ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಪಾಸ್‌ವರ್ಡ್‌ಗಳಿಗೆ ವಾಲ್ಟ್‌ವಾರ್ಡನ್, ದೀಪ ಮತ್ತು ಸೆನ್ಸರ್‌ಗಳಿಗೆ ಹೋಮ್ ಅಸಿಸ್ಟೆಂಟ್. ಎಲ್ಲವೂ ಮುಕ್ತ ತಂತ್ರಾಂಶಗಳು, ಅಂದರೆ ಅವುಗಳ ಸಂಕೇತವನ್ನು (ಸೋರ್ಸ್ ಕೋಡ್) ಯಾರು ಬೇಕಾದರೂ ಓದಬಹುದು, ಬದಲಿಸಬಹುದು. ಮನೆಮಂದಿಗೆಲ್ಲ ಒಂದೊಂದು ಖಾತೆಯನ್ನೂ ತೆರೆದುಕೊಟ್ಟೆ. ಮೆಚ್ಚುಗೆ ಬರುತ್ತದೆಂದು ಕಾದೆ.

ನನ್ನ ತಂಗಿ ಮಾತ್ರ ಖಾತೆ ಬೇಡವೆಂದಳು. ಬಳಸಲು ಕಷ್ಟವೇ ಎಂದು ಕೇಳಿದೆ. ಆ್ಯಪ್ ಚೆನ್ನಾಗಿಯೇ ಇದೆ ಎಂದಳು. ಕಂಪನಿಗಳು ಏನೆಲ್ಲ ಮಾಡುತ್ತವೆ ಎಂದು ನಾನು ಮೇಲಿನ ಪುರಾಣವನ್ನು ಶುರು ಮಾಡಿದಾಗ ಅರ್ಧಕ್ಕೇ ತಡೆದು ಹೇಳಿದಳು: "ಅಣ್ಣಾ, ಆ ಕಂಪನಿಯವರಿಗೆ ನಾನು ಯಾರೆಂದು ಗೊತ್ತಿಲ್ಲ. ನಿನಗೆ ಗೊತ್ತು."

ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ, ಈಗಲೂ ಪೂರ್ತಿಯಾಗಿ ಇಲ್ಲ. ನಮ್ಮ ಚಿತ್ರಗಳನ್ನು ಎಲ್ಲೋ ಒಂದು ಯಂತ್ರ ಜಾಲಾಡಿದರೆ ಆಗುವ ಹಾನಿ ಒಂದು ಬಗೆಯದು, ಅದು ನಿಧಾನವಾಗಿ, ಕಣ್ಣಿಗೆ ಕಾಣದಂತೆ ಆಗುತ್ತದೆ. ಅದೇ ಚಿತ್ರಗಳು ಒಂದೇ ಸೂರಿನಡಿ ಇರುವವರ, ದಾಯಾದಿಗಳ, ಮುನಿಸಿಕೊಂಡ ಸಂಗಾತಿಯ ಕಣ್ಣಿಗೆ ಬಿದ್ದರೆ ಆಗುವ ಹಾನಿಗೆ ಮರುದಿನದವರೆಗೂ ಕಾಯಬೇಕಾಗಿಲ್ಲ. ಯಾರಿಂದ ಏನನ್ನು ಮರೆಮಾಡಬೇಕೆಂದು ಲೆಕ್ಕ ಹಾಕುವಾಗ ಹೆಚ್ಚಿನವರ ಪಟ್ಟಿಯಲ್ಲಿ ಮೊದಲ ಹೆಸರು ಯಾವ ಕಂಪನಿಯದೂ ಆಗಿರುವುದಿಲ್ಲ.

ಅಮೆಜಾನ್ ಒಡೆತನದ ರಿಂಗ್ ಕ್ಯಾಮೆರಾಗಳ ಮೇಲೆ 2023ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪವನ್ನು ಈ ಬೆಳಕಿನಲ್ಲಿ ಮತ್ತೆ ಓದಿದೆ. ಅಗತ್ಯವಿರಲಿ ಬಿಡಲಿ, ಸಿಬ್ಬಂದಿಗೆಲ್ಲ ಗ್ರಾಹಕರ ವಿಡಿಯೊ ನೋಡಲು ಅವಕಾಶವಿತ್ತು, ಒಬ್ಬ ನೌಕರ ತಿಂಗಳುಗಟ್ಟಲೆ ಹೆಂಗಸರ ಕೋಣೆಗಳ ದೃಶ್ಯಗಳನ್ನು ನೋಡಿದ್ದ ಎಂಬುದು ಆರೋಪ. 58 ಲಕ್ಷ ಡಾಲರ್‌ಗೆ ಅದು ಇತ್ಯರ್ಥವಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಸರಿ, ಆದರೆ ಅಲ್ಲಿ ಸಿಕ್ಕಿಬಿದ್ದವನೊಬ್ಬನಿದ್ದ, ಪ್ರಶ್ನಿಸಲು ಒಂದು ಸಂಸ್ಥೆ ಇತ್ತು, ದಂಡ ತೆರಲು ಒಂದು ಖಜಾನೆ ಇತ್ತು. ನನ್ನ ಮನೆಯ ಸರ್ವರ್‌ನಲ್ಲಿ ನಾನು ಯಾವ ಕಡತವನ್ನು ತೆರೆದೆನೆಂದು ಕೇಳುವವರು ಯಾರು? ಇಮ್ಮಿಚ್‌ನಲ್ಲಿ ಒಬ್ಬರ ಚಿತ್ರಗಳನ್ನು ಇನ್ನೊಬ್ಬರು ನೋಡುವಂತಿಲ್ಲ, ಅಡ್ಮಿನ್, ಅಂದರೆ ಸರ್ವರನ್ನು ನೋಡಿಕೊಳ್ಳುವವನು ಕೂಡ ಆ್ಯಪ್ ಮೂಲಕ ನೋಡಲಾರ. ಆದರೆ ಚಿತ್ರಗಳು ಡಿಸ್ಕ್‌ನಲ್ಲಿ ಇರುವುದು ಬರೀ ಜೆಪೆಗ್ ಕಡತಗಳಾಗಿ. ಯಂತ್ರದ ಕೀಲಿ ಇದ್ದವನಿಗೆ ಆ್ಯಪ್‌ನ ಹಂಗೇ ಬೇಕಾಗಿಲ್ಲ.

ಇದನ್ನು ಇಮ್ಮಿಚ್‌ನ ದೋಷವೆನ್ನುವಂತಿಲ್ಲ. ಮುಖ ಗುರುತಿಸಿ ಜೋಡಿಸುವುದು, "ಸಮುದ್ರ" ಎಂದು ಹುಡುಕಿದರೆ ಸಮುದ್ರದ ಚಿತ್ರಗಳನ್ನು ತೆಗೆದುಕೊಡುವುದು, ಇವನ್ನೆಲ್ಲ ಸರ್ವರ್ ಮಾಡಬೇಕೆಂದರೆ ಅದು ಚಿತ್ರವನ್ನು ನೋಡಲೇಬೇಕು. ಬೇರೆ ದಾರಿಯಲ್ಲಿ ನಡೆದವರೂ ಇದ್ದಾರೆ. ಎಂಟೆ ಎಂಬ ಫೋಟೊ ಸೇವೆ ಚಿತ್ರಗಳನ್ನು ಫೋನ್‌ನಲ್ಲೇ ಗೂಢಲಿಪಿಗೆ ಇಳಿಸಿ ಸರ್ವರ್‌ಗೆ ಕಳುಹಿಸುತ್ತದೆ. 2024ರಲ್ಲಿ ಅವರು ಸರ್ವರ್‌ನ ಸಂಕೇತವನ್ನೂ ಬಿಡುಗಡೆ ಮಾಡಿದ ಮೇಲೆ ಅದನ್ನು ಮನೆಯಲ್ಲೇ ನಡೆಸಬಹುದು. ಮುಖ ಗುರುತಿಸುವ ಕೆಲಸ ಆಗ ಬಳಸುವವರ ಫೋನ್ ಅಥವಾ ಕಂಪ್ಯೂಟರಿನ ತಲೆಗೆ ಬರುತ್ತದೆ. ವಾಲ್ಟ್‌ವಾರ್ಡನ್‌ನದೂ ಇದೇ ಜಾತಿ. ಸರ್ವರ್ ನನ್ನದೇ ಆದರೂ ಅದರೊಳಗಿನ ಮನೆಯವರ ಪಾಸ್‌ವರ್ಡ್‌ಗಳು ನನಗೆ ಅರ್ಥವಾಗದ ಗೋಜಲು. ಅವರವರ ಮುಖ್ಯ ಪಾಸ್‌ವರ್ಡ್ ಇಲ್ಲದೆ ಅದು ಬಿಚ್ಚಿಕೊಳ್ಳದು. ಅಡ್ಮಿನ್ ಒಳ್ಳೆಯವನೇ ಎಂಬ ಪ್ರಶ್ನೆಗೇ ಆಸ್ಪದವಿಲ್ಲದಂತೆ ಕಟ್ಟಿದ ತಂತ್ರಾಂಶ ಇದು. ಇದು ಸಾಧ್ಯವಿರುವ ಕಡೆಯಲ್ಲೆಲ್ಲ ಇದನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಈಗಿನ ನಿಲುವು. ಸೌಲಭ್ಯ ನಾಲ್ಕು ಕಡಿಮೆಯಾದರೆ ಆಗಲಿ.

ಸಾಧ್ಯವಿಲ್ಲದ ಕಡೆ, ಬರೆದಿಡುವುದನ್ನೇ ಕಡಿಮೆ ಮಾಡಬಹುದು. ಪೈ-ಹೋಲ್‌ನ ಸೆಟ್ಟಿಂಗ್ಸ್‌ನಲ್ಲಿ ಖಾಸಗಿತನದ ಹಂತಗಳೆಂದು ಒಂದು ಆಯ್ಕೆ ಇದೆ. ಸೊನ್ನೆಯಲ್ಲಿಟ್ಟರೆ ಎಲ್ಲವೂ ಕಾಣುತ್ತದೆ, ಮೊದಲಿಗೆ ಇರುವುದು ಅಲ್ಲೇ. ಒಂದಕ್ಕೆ ಏರಿಸಿದರೆ ತಾಣದ ಹೆಸರು ಮರೆಯಾಗುತ್ತದೆ, ಎರಡಕ್ಕೆ ಸಾಧನವೂ ಮರೆಯಾಗುತ್ತದೆ, ಮೂರಕ್ಕೆ ಒಟ್ಟು ಎಷ್ಟು ಕೇಳಿದರು, ಎಷ್ಟನ್ನು ತಡೆಯಲಾಯಿತು ಎಂಬ ಲೆಕ್ಕ ಮಾತ್ರ ಉಳಿಯುತ್ತದೆ. ನಾನು ಮೂರರಲ್ಲಿಟ್ಟಿದ್ದೇನೆ. ಯಾವುದಾದರೂ ಆ್ಯಪ್ ಕೈಕೊಟ್ಟಾಗ ಯಾವ ತಾಣ ತಡೆಯಲ್ಪಟ್ಟಿತೆಂದು ಹುಡುಕಲು ಕಷ್ಟವಾಗುತ್ತದೆ, ನಿಜ. ಆಗ ಮನೆಯವರಿಗೆ ಹೇಳಿ, ತಾತ್ಕಾಲಿಕವಾಗಿ ಇಳಿಸಿ, ಮತ್ತೆ ಏರಿಸುತ್ತೇನೆ. ಹೇಳುವುದು ಮುಖ್ಯ. ಹೋಮ್ ಅಸಿಸ್ಟೆಂಟ್ ಕೂಡ ಪ್ರತಿ ಸೆನ್ಸರ್‌ನ ಇತಿಹಾಸವನ್ನು ಹತ್ತು ದಿನ ಇಟ್ಟುಕೊಳ್ಳುತ್ತದೆ, ನಾವಾಗಿ ಬೇಡವೆನ್ನದಿದ್ದರೆ. ನಡುಮನೆಯ ತಾಪಮಾನ ಹತ್ತು ದಿನ ಇದ್ದರೆ ಯಾರಿಗೂ ತೊಂದರೆಯಿಲ್ಲ. ಮುಂಬಾಗಿಲು ಎಷ್ಟು ಗಂಟೆಗೆ ತೆರೆಯಿತು, ಯಾರ ಫೋನ್ ಎಷ್ಟು ಹೊತ್ತಿಗೆ ಮನೆಯ ವೈಫೈಗೆ ಸೇರಿತು ಎಂಬುದು ಹಾಗಲ್ಲ. ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಆ ನಕ್ಷೆ ಒಂದು ಆಯುಧ. ಅವೆರಡನ್ನೂ ದಾಖಲೆಯಿಂದ ಹೊರಗಿಟ್ಟಿದ್ದೇನೆ.

ಇನ್ನು ಸುರಕ್ಷತೆ. ಕಂಪನಿಗಳ ದತ್ತಾಂಶ ಸೋರಿಕೆಯ ಸುದ್ದಿ ಬಂದಾಗಲೆಲ್ಲ ಸ್ವಂತ ಸರ್ವರ್‌ನವರು ಬೀಗುವುದುಂಟು. ಬೀಗುವ ಮೊದಲು ಲಾಸ್ಟ್‌ಪಾಸ್ ಕಥೆಯನ್ನು ಪೂರ್ತಿ ಓದಬೇಕು. 2022ರಲ್ಲಿ ಆ ಪಾಸ್‌ವರ್ಡ್ ಕಂಪನಿಯ ಗ್ರಾಹಕರ ಕಪಾಟುಗಳ ಬ್ಯಾಕಪ್ ಕಳುವಾಯಿತು. ಕಳ್ಳರು ನುಗ್ಗಿದ್ದು ಕಂಪನಿಯ ಹಿರಿಯ ಎಂಜಿನಿಯರ್ ಒಬ್ಬರ ಮನೆಯ ಕಂಪ್ಯೂಟರ್ ಮೂಲಕ. ಆ ಕಂಪ್ಯೂಟರ್‌ಗೆ ನುಗ್ಗಿದ್ದು ಅವರು ಸಿನಿಮಾ ನೋಡಲು ಇಟ್ಟುಕೊಂಡಿದ್ದ ಪ್ಲೆಕ್ಸ್ ಎಂಬ ಮಾಧ್ಯಮ ಸರ್ವರ್ ಮೂಲಕ. ಆ ಬಿರುಕಿಗೆ 2020ರ ಮೇ ತಿಂಗಳಲ್ಲೇ ತೇಪೆ ಬಂದಿತ್ತು, ಹಾಕಿಕೊಂಡಿರಲಿಲ್ಲ. ವೃತ್ತಿಯಲ್ಲಿ ಭದ್ರತೆಯನ್ನೇ ಉಸಿರಾಡುವವರ ಮನೆಯ ಸರ್ವರ್ ಸ್ಥಿತಿ ಹೀಗಿದ್ದರೆ, ಹಬ್ಬಕ್ಕೊಮ್ಮೆ ಅಪ್‌ಡೇಟ್ ಮಾಡುವ ನಮ್ಮ ಪಾಡೇನು? ಈ ಕಳುವಿನ ಹಿಂದಿನ ವರ್ಷ, 2021ರ ಜೂನ್‌ನಲ್ಲಿ, ಮೈ ಬುಕ್ ಲೈವ್ ಎಂಬ ಹಳೆಯ ಮನೆ-ಡಿಸ್ಕ್‌ಗಳನ್ನು ಅಂತರ್ಜಾಲಕ್ಕೆ ತೆರೆದಿಟ್ಟಿದ್ದ ಅನೇಕರು ಬೆಳಿಗ್ಗೆ ಎದ್ದು ನೋಡಿದರೆ ಡಿಸ್ಕ್ ಬರಿದಾಗಿತ್ತು. ತಯಾರಕರು ಅದಕ್ಕೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು.

ಹಾಗಾಗಿ ರೂಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನವರು ಒಳಬರುವ ಕಿಂಡಿಯನ್ನು ತೆರೆದು ಇಮ್ಮಿಚ್ಚನ್ನೋ ನೆಕ್ಸ್ಟ್‌ಕ್ಲೌಡನ್ನೋ ಜಗತ್ತಿಗೆಲ್ಲ ತೋರಿಸುವುದನ್ನು ನಾನು ಮಾಡುವುದಿಲ್ಲ, ಯಾರಿಗೂ ಹೇಳಿಕೊಡುವುದೂ ಇಲ್ಲ. ಹೊರಗಿನಿಂದ ಬರುವವರಿಗೆ ಇರುವುದು ವೈರ್‌ಗಾರ್ಡ್ ದಾರಿಯೊಂದೇ. 2020ರಲ್ಲಿ ಲಿನಕ್ಸ್ ಕರ್ನಲ್‌ನ 5.6ನೇ ಆವೃತ್ತಿಗೆ ಸೇರಿದ, ಹೊರಗಿನಿಂದ ಮನೆಯ ಜಾಲಕ್ಕೆ ಗೂಢಲಿಪಿಯ ಸುರಂಗ ಕೊರೆಯುವ ಈ ವಿಪಿಎನ್‌ಗೆ ಒಂದು ಚೆಂದದ ಗುಣವಿದೆ: ಸರಿಯಾದ ಕೀಲಿ ಇಲ್ಲದವರು ಎಷ್ಟು ಬಡಿದರೂ ಅದು ಉತ್ತರವನ್ನೇ ಕೊಡುವುದಿಲ್ಲ, ಅಲ್ಲಿ ಬಾಗಿಲಿದೆಯೆಂಬುದೇ ತಿಳಿಯುವುದಿಲ್ಲ. ನಿಮ್ಮ ಇಂಟರ್ನೆಟ್ ಸೇವೆಯವರು ಹಲವು ಗ್ರಾಹಕರಿಗೆ ಸೇರಿ ಒಂದೇ ಹೊರವಿಳಾಸ ಕೊಟ್ಟಿದ್ದರೆ ಇದೂ ನೇರವಾಗಿ ನಡೆಯದು. ರೂಟರ್‌ನ ಹೊರಮುಖದಲ್ಲಿ 100.64ರಿಂದ 100.127ರೊಳಗಿನ ವಿಳಾಸ ಕಂಡರೆ ನಿಮ್ಮದು ಅಂಥ ಸಂಪರ್ಕವೇ. ಆಗ ಟೇಲ್‌ಸ್ಕೇಲ್‌ನಂಥ ಮಧ್ಯವರ್ತಿಯ ನೆರವು ಬೇಕು.

ಮುಕ್ತ ತಂತ್ರಾಂಶವೆಂದ ಮಾತ್ರಕ್ಕೆ ಸುರಕ್ಷಿತವೆಂದು ನಂಬುವ ವಯಸ್ಸು ನನಗೆ ದಾಟಿದೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಪುಟ್ಟ ಸಂಕೋಚನ ತಂತ್ರಾಂಶದಲ್ಲಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯಕನಂತೆ ನಟಿಸಿ ವಿಶ್ವಾಸ ಗಳಿಸಿದ್ದವನು ಸೇರಿಸಿದ್ದ ಹಿಂಬಾಗಿಲು ಸಿಕ್ಕಿತು. ಸಿಕ್ಕಿದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎನ್ನಿಸಿದ್ದರಿಂದ. ಸಂಕೇತ ಬಯಲಲ್ಲಿತ್ತು ಎಂಬುದರಿಂದ ಅವರು ಬುಡದವರೆಗೆ ಅಗೆಯಲು ಸಾಧ್ಯವಾಯಿತು. ಬಯಲಲ್ಲಿದ್ದರೂ ಅಷ್ಟು ದಿನ ಯಾರೂ ನೋಡಿರಲಿಲ್ಲ ಎಂಬುದೂ ಅಷ್ಟೇ ನಿಜ. ಮನೆ ಬಳಕೆದಾರನಿಗೆ ಮುಕ್ತ ಪರವಾನಗಿಯ ನಿಜವಾದ ಬೆಲೆ ಬೇರೆಲ್ಲೋ ಇದೆ ಎನ್ನಿಸುತ್ತದೆ. ಎಂಬಿ ಎಂಬ ಮಾಧ್ಯಮ ಸರ್ವರ್ 2018ರಲ್ಲಿ ತನ್ನ ಸಂಕೇತವನ್ನು ಮುಚ್ಚಿಕೊಂಡಾಗ, ಅದುವರೆಗಿನ ಮುಕ್ತ ಪ್ರತಿಯನ್ನು ಹಿಡಿದು ಕೆಲವರು ಜೆಲ್ಲಿಫಿನ್ ಕಟ್ಟಿದರು. 2016ರಲ್ಲಿ ಓನ್‌ಕ್ಲೌಡ್‌ನ ಸ್ಥಾಪಕರೇ ಹೊರಬಂದು ನೆಕ್ಸ್ಟ್‌ಕ್ಲೌಡ್ ಕಟ್ಟಿದರು. ಕಟ್ಟಿದವರು ಮುನಿಸಿಕೊಂಡರೂ ಬಳಸುವವರ ಕಡತಗಳು ಬೀದಿಗೆ ಬೀಳಲಿಲ್ಲ.

ಇಮೇಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಮನೆಗೆ ತರಬೇಡಿ. ಮನೆ ಸಂಪರ್ಕದ ವಿಳಾಸದಿಂದ ಹೊರಟ ಪತ್ರವನ್ನು ದೊಡ್ಡ ಅಂಚೆ ಸೇವೆಗಳು ಸ್ಪ್ಯಾಮ್ ಎಂದೇ ಬಗೆಯುತ್ತವೆ, ಅನೇಕ ಸಂಪರ್ಕಗಳಲ್ಲಿ ಅಂಚೆ ಹೊರಡುವ 25ನೇ ಪೋರ್ಟನ್ನು ಮುಚ್ಚಿಯೇ ಇರುತ್ತಾರೆ. ಸ್ವಂತ ಡೊಮೈನ್ ಹೆಸರನ್ನು ಕೊಂಡು, ಅಂಚೆಯನ್ನು ಹಣ ಪಡೆಯುವ ಒಂದು ಸೇವೆಗೆ ಒಪ್ಪಿಸಿದರೆ ವಿಳಾಸ ನಿಮ್ಮ ಕೈಯಲ್ಲೇ ಉಳಿಯುತ್ತದೆ. ನಾಳೆ ಸೇವೆಯನ್ನು ಬದಲಿಸಬಹುದು.

ಕೊನೆಯದಾಗಿ ಅಡ್ಮಿನ್ ಇಲ್ಲವಾಗುವ ಮಾತು. ಇದರಲ್ಲಿ ಕಂಪನಿಗಳು ನಮಗಿಂತ ಮುಂದಿವೆ ಎಂದು ಒಪ್ಪಿಕೊಳ್ಳಲೇಬೇಕು. ಗೂಗಲ್‌ನಲ್ಲಿ 2013ರಿಂದಲೇ ಒಂದು ಏರ್ಪಾಡಿದೆ: ನಾವು ನಿಗದಿಪಡಿಸಿದಷ್ಟು ತಿಂಗಳು ಖಾತೆ ಸುಮ್ಮನಿದ್ದರೆ ನಾವು ಹೇಳಿದವರಿಗೆ ಅದರೊಳಗಿನದು ಸೇರುತ್ತದೆ. ಆ್ಯಪಲ್ 2021ರಲ್ಲಿ ಇದೇ ಬಗೆಯ ವಾರಸುದಾರ ವ್ಯವಸ್ಥೆಯನ್ನು ತಂದಿತು. ಮನೆಯ ಸರ್ವರ್‌ಗೆ ಅಂಥದ್ದೇನೂ ಹುಟ್ಟಿನಿಂದ ಬರುವುದಿಲ್ಲ. ನಾನು ಆಸ್ಪತ್ರೆ ಸೇರಿದರೆ ಅಥವಾ ಅದಕ್ಕಿಂತ ದೂರ ಹೋದರೆ, ವಿದ್ಯುತ್ ಹೋಗಿ ಬಂದ ಮೇಲೆ ಆ ಪೆಟ್ಟಿಗೆ ಡಿಸ್ಕ್‌ನ ಗೂಢಲಿಪಿ ಬಿಡಿಸಲು ಪಾಸ್‌ವರ್ಡ್ ಕೇಳುತ್ತ ನಿಲ್ಲುತ್ತದೆ. ಕಳ್ಳನಿಂದ ಕಾಪಾಡಲು ಹಾಕಿದ ಬೀಗ ಹೆಂಡತಿಯನ್ನೂ ಹೊರಗಿಡುತ್ತದೆ.

ವಾಲ್ಟ್‌ವಾರ್ಡನ್‌ನಲ್ಲಿ ತುರ್ತು ಪ್ರವೇಶವೆಂಬ ಸೌಲಭ್ಯವಿದೆ. ನಂಬಿಕೆಯವರೊಬ್ಬರು ಕೋರಿಕೆ ಸಲ್ಲಿಸಿ, ನಾನು ಇಟ್ಟಷ್ಟು ದಿನದೊಳಗೆ ನಿರಾಕರಿಸದಿದ್ದರೆ, ಅವರಿಗೆ ನನ್ನ ಪಾಸ್‌ವರ್ಡ್‌ಗಳು ತೆರೆದುಕೊಳ್ಳುತ್ತವೆ. ಒಳ್ಳೆಯದೇ, ಆದರೆ ಅದಕ್ಕೆ ಸರ್ವರ್ ನಡೆಯುತ್ತಿರಬೇಕು. ಹಾಗಾಗಿ ಕಾಗದವೇ ಗತಿ. ಇಮ್ಮಿಚ್ ತಾನಾಗಿ ಚಿತ್ರಗಳನ್ನು ಉದ್ದುದ್ದ ಅಕ್ಷರ-ಅಂಕಿಗಳ ಹೆಸರಿನ ಫೋಲ್ಡರ್‌ಗಳಲ್ಲಿ ಹರಡಿಬಿಡುತ್ತದೆ. ಅದರ ಸ್ಟೋರೇಜ್ ಟೆಂಪ್ಲೇಟ್ ಆಯ್ಕೆಯನ್ನು ಚಾಲೂ ಮಾಡಿದರೆ ವರ್ಷ, ತಿಂಗಳುಗಳ ಫೋಲ್ಡರ್‌ಗಳಲ್ಲಿ ಜೋಡಿಸುತ್ತದೆ, ಆಗ ಇಮ್ಮಿಚ್ ಎಂಬುದೊಂದು ಇತ್ತೆಂದು ಗೊತ್ತಿಲ್ಲದವರೂ ಓದಿಕೊಳ್ಳಬಹುದು. ಬ್ಯಾಕಪ್ ಡಿಸ್ಕನ್ನು ಎಲ್ಲಿಟ್ಟಿದೆ, ಹೇಗೆ ತೆರೆಯಬೇಕೆಂದು ಒಂದು ಹಾಳೆಯಲ್ಲಿ ಬರೆದು ಹೆಂಡತಿಯ ಕೈಗಿತ್ತು, ಒಂದು ಭಾನುವಾರ ಪಕ್ಕದಲ್ಲಿ ಬಾಯಿಮುಚ್ಚಿ ಕುಳಿತೆ. ಸುಮ್ಮನಿರುವುದೇ ಈ ಪರೀಕ್ಷೆಯ ಕಷ್ಟದ ಭಾಗ.

ಅವಳು ಡಿಸ್ಕನ್ನು ತನ್ನ ವಿಂಡೋಸ್ ಲ್ಯಾಪ್‌ಟಾಪ್‌ಗೆ ಚುಚ್ಚಿದಳು. ಡಿಸ್ಕ್ ಇದ್ದದ್ದು ಲಿನಕ್ಸ್ ಬಳಸುವ ಇಎಕ್ಸ್‌ಟಿ4 ವಿನ್ಯಾಸದಲ್ಲಿ, ವಿಂಡೋಸ್‌ಗೆ ಅದು ಓದಲು ಬಾರದು. ಓದಲು ಬಾರದೆಂದು ಅದು ಹೇಳುವುದೂ ಇಲ್ಲ. ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ವಿನಯದಿಂದ ಕೇಳುತ್ತದೆ, ಅಂದರೆ ಒಳಗಿರುವುದನ್ನೆಲ್ಲ ಅಳಿಸಲೇ ಎಂದು. ಅವಳ ಬೆರಳು ಹೌದೆಂಬ ಗುಂಡಿಯತ್ತ ಹೊರಟಿತ್ತು. ಕಂಪ್ಯೂಟರ್ ಕೇಳಿದ್ದಕ್ಕೆ ಹೌದು ಎನ್ನುವುದನ್ನೇ ತಾನೆ ನಾವೆಲ್ಲ ಕಲಿತಿರುವುದು. ಬಾಯಿಮುಚ್ಚಿ ಕೂರುವ ನಿಯಮವನ್ನು ಅಲ್ಲಿಗೇ ಮುರಿದೆ.

ಈಗ ಮನೆಯವರಿಗಾಗಿ ಇಟ್ಟಿರುವ ಪ್ರತಿ ಎಕ್ಸ್‌ಫ್ಯಾಟ್ ವಿನ್ಯಾಸದಲ್ಲಿದೆ, ಈಗಿನ ಬಹುತೇಕ ಎಲ್ಲ ಕಂಪ್ಯೂಟರುಗಳೂ ಓದುತ್ತವೆ. ಅದಕ್ಕೆ ಗೂಢಲಿಪಿಯೂ ಇಲ್ಲ, ಬೀಗ ಹಾಕಿದ ಕಪಾಟೇ ಅದರ ರಕ್ಷಣೆ. ಇದರ ಬಗ್ಗೆ ನನ್ನೊಡನೆ ವಾದಿಸಲು ಬರುವ ಗೆಳೆಯರಿದ್ದಾರೆ, ಬರಲಿ. ತಂಗಿಯ ಚಿತ್ರಗಳು ಅದರಲ್ಲಿಲ್ಲ. ಹಾಳೆಯನ್ನು ತಿದ್ದಿ ಬರೆದಿದ್ದೇನೆ, ಅದರ ಮೊದಲ ಸಾಲು ಈಗ ಹೀಗಿದೆ: ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನು.